ಚಿನ್ನಪ್ಪನ ಗಂಟಲು

ಸೇತುರಾಮನಿಗೆ ದೇವರು ಕೊಟ್ಟಿದ್ದು ಒಂದೇ ಗಂಟಲು. ಅದರಲ್ಲಿ ಅವನು ಬಾಡಿಗೆಗೆ ಇಟ್ಟುಕೊಂಡಿದ್ದವರು ಮಾತ್ರ ಹತ್ತಾರು ಜನ. ಬಿನ್ನಿಪೇಟೆಯ ಗಿರಣಿಯ ಸೈರನ್ನು, ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಬಿಕ್ಕಳಿಸಿ ನಿಲ್ಲುವ ಬಸ್ಸು, ಮಾವನವರ ಸಂಧ್ಯಾವಂದನೆ, ಎಲ್ಲವೂ ಅಲ್ಲಿ ಒಟ್ಟು ಕುಟುಂಬವಾಗಿ ಬದುಕಿದ್ದವು. ಹೆಂಡತಿ ಪಂಕಜಾಳ ಮೌನವನ್ನೂ ಬಿಟ್ಟವನಲ್ಲ. ತುಟಿ ಬಿಗಿದು, ಸೌಟನ್ನು ಪಾತ್ರೆಗೆ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕುಕ್ಕಿ ತೋರಿಸುತ್ತಿದ್ದ. ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರೊಫೆಸರರ ದನಿಯಲ್ಲೇ ಹಾಜರಿ ಕೂಗಿ ತರಗತಿಯಿಂದ ಹೊರಗೆ ನಿಂತವನು. ಈಗ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ರೇಡಿಯೋ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಸಾಮಾನು ಕಾಯುವ ಅಸಾಮಾನ್ಯ ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ.

ಗಂಟಲಿನ ಬಾಡಿಗೆದಾರರಲ್ಲಿ ಜನಕ್ಕೆ ಹೆಚ್ಚು ಇಷ್ಟವಾದವನು ಚಿನ್ನಪ್ಪ.

ಚಿನ್ನಪ್ಪನ ನಿಜವಾದ ಹೆಸರು ಚಿನ್. ಕ್ಯಾಂಟನ್ ಕಡೆಯವನು. ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಕಲ್ಕತ್ತೆಗೆ ಬಂದು, ಅಲ್ಲಿನ ಚೀನೀ ಬಡಗಿಗಳ ಬೀದಿಯಲ್ಲಿ ಉಳಿ ಹಿಡಿಯುವುದನ್ನು ಕಲಿತು, ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯ ಮರಗೆಲಸಕ್ಕೆಂದು ಬೆಂಗಳೂರು ಸೇರಿದ. ಯುದ್ಧ ಹೋಯಿತು, ಇವನು ಉಳಿದ. ಹೊಸಹಳ್ಳಿಯಲ್ಲಿ ಮುನಿತಾಯಮ್ಮ ಎಂಬಾಕೆಯ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ಹಿಡಿದು, ಆಮೇಲೆ ಅವಳ ಮಗಳು ಅಂಜಮ್ಮನ ಕೈಯನ್ನೂ ಹಿಡಿದ. ಅವನಿಗೆ ಕನ್ನಡ ಕಲಿಸಿದವಳು ಅತ್ತೆ. ಅವಳು ಮಗಳೊಂದಿಗೆ ಹೇಗೆ ಮಾತಾಡುತ್ತಿದ್ದಳೋ ಆ ಕನ್ನಡವೇ ಅಳಿಯನ ನಾಲಿಗೆಗೂ ಇಳಿಯಿತು. ಹಾಗಾಗಿ ಮುಂಗೈ ತುಂಬ ಉಳಿಯ ಗಾಯದ ಕಲೆಗಳಿದ್ದ ಆ ಬಡಗಿ ಗಂಡಸು ಹೆಂಗಸು ಎನ್ನದೆ ಎಲ್ಲರನ್ನೂ ‘ಕಣವ್ವ’ ಎಂದೇ ಮಾತಾಡಿಸುತ್ತಿದ್ದ. ಅವನು ಮರಗೆಲಸಕ್ಕಿದ್ದದ್ದೂ ಸೇತುರಾಮನ ಕಾರ್ಖಾನೆಯಲ್ಲೇ. ಅದರ ಮಾಲೀಕರಾದ ರಾಯರು ಒಂದು ದಿನ ಕೂರಿಸಿಕೊಂಡು, ಗಂಡಸರಿಗೆ ಹಾಗೆ ಅನ್ನಬಾರದು ಎಂದು ತಿಳಿಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡು, “ಆಗ್ಲಿ ಕಣವ್ವ” ಎಂದ. ರಾಯರು ಕೈಬಿಟ್ಟರು.

ದೆಹಲಿಯೂ ಪೀಕಿಂಗೂ ಪಂಚಶೀಲಕ್ಕೆ ಸಹಿ ಹಾಕಿದ ಕಾಲದಲ್ಲಿ ಚಿನ್ನಪ್ಪನಿಗೆ ಶುಕ್ರದೆಸೆ. ಹಿಂದಿ ಚೀನಿ ಭಾಯಿ ಭಾಯಿ ಎಂದು ಪತ್ರಿಕೆಯಲ್ಲಿ ಬಂದ ವಾರ ಹೋಟೆಲಿನವನು ಕಾಫಿಗೆ ದುಡ್ಡು ಮುಟ್ಟಲಿಲ್ಲ. ಸೇತುರಾಮ ಹೊಸಹಳ್ಳಿಯ ಆ ವರ್ಷದ ಗಣೇಶೋತ್ಸವಕ್ಕೆ ಹೊಸ ಐಟಂ ಕಟ್ಟಿದ: ದೆಹಲಿ ಮತ್ತು ಪೀಕಿಂಗಿನ ನಡುವೆ ಟೆಲಿಫೋನು. ಎರಡು ಕಿವಿಗೂ ಒಂದೊಂದು ತೆಂಗಿನ ಚಿಪ್ಪು. ದೆಹಲಿಯ ಸರದಿ ಬಂದಾಗ ಮೂಗಿನಿಂದ ಹೊರಡುವ ಇಂಗ್ಲಿಷು, ಪೀಕಿಂಗಿನ ಸರದಿಗೆ ಚಿನ್ನಪ್ಪ. ‘ಎಲ್ಡು ಮನೆ ಮಧ್ಯ ಗೋಡೆ ಯಾಕೆ ಕಣವ್ವ, ಮುದ್ದೆ ಆ ಕಡೆಯಿಂದ ಎಸೆದ್ರೆ ಈ ಕಡೆ ಹಿಡ್ಕತೀನಿ’ ಎಂದು ಪೀಕಿಂಗು ಹೇಳಿದಾಗ ಪೆಂಡಾಲೆಲ್ಲ ಹೊಟ್ಟೆ ಹಿಡಿದುಕೊಂಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿನ್ನಪ್ಪನಂತೂ ನಕ್ಕು ನಕ್ಕು ಅಂಜಮ್ಮನ ಸೆರಗಿನಲ್ಲಿ ಕಣ್ಣೊರೆಸಿಕೊಂಡ. ಅಲ್ಲಿಂದ ಮುಂದೆ ವರ್ಷವರ್ಷವೂ ಗಣೇಶನಿಗೆ ಕಡುಬಿನಷ್ಟೇ ಖಾಯಮ್ಮು ಈ ಫೋನು.

ಐವತ್ತೊಂಬತ್ತನೇ ಇಸವಿಗೆ ಗಾಳಿ ಬದಲಾಯಿತು. ಟಿಬೆಟ್ಟಿನಿಂದ ಜನ ಓಡಿ ಬಂದರು. ಗಡಿಯಲ್ಲಿ ಗಡಿಬಿಡಿ ಶುರುವಾಯಿತು. ಸೈನ್ಯದ ಹತ್ತಿರ ಇದ್ದ ವೈರ್‌ಲೆಸ್ ಸೆಟ್ಟುಗಳು ಮಹಾಯುದ್ಧದ ಕಾಲದವು. ಹೊರಲು ಹೇಸರಗತ್ತೆ ಬೇಕು, ಹೊತ್ತು ತಂದ ಮೇಲೆ ಮಾತಾಡಿಸಲು ಪುಣ್ಯ ಬೇಕು. ಸಿಪಾಯಿ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವಂಥ ಹೊಸ ಹಗುರ ಸೆಟ್ಟುಗಳು ಬೇಕೆಂದು ತೀರ್ಮಾನವಾಗಿ, ಅದರ ಒಂದು ಸಣ್ಣ ಪಾಲು ರಾಯರ ಕಾರ್ಖಾನೆಗೆ ಬಂತು. ಸೆಟ್ಟುಗಳನ್ನು ಉತ್ತರಕ್ಕೆ ಸಾಗಿಸುವ ತೇಗದ ಪೆಟ್ಟಿಗೆಗಳನ್ನು ಮಾಡುವವನು ಚಿನ್ನಪ್ಪ. ಮೊಳೆ ಹೊಡೆಯದೆ ಹಲ್ಲಿಗೆ ಹಲ್ಲು ಕೂರಿಸಿ ಬೆಸೆದ ಅವನ ಪೆಟ್ಟಿಗೆ ಲಾರಿಯಿಂದ ಬಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಪೆಟ್ಟಿಗೆ ಹೆದರದ ಪೆಟ್ಟಿಗೆ ಎಂದು ಸೇತುರಾಮ ಅದಕ್ಕೊಂದು ಬಿರುದು ಕೊಟ್ಟಿದ್ದ.

ಚಿನ್ನಪ್ಪನಿಗೆ ಈ ದೇಶದಲ್ಲಿ ಇರಲು ವರ್ಷಕ್ಕೊಮ್ಮೆ ಅನುಮತಿ ಬೇಕಾಗುತ್ತಿತ್ತು. ದಸರಾ ಹತ್ತಿರ ಬಂದಾಗ ಬೋರ್ಡಿಲ್ಲದ ಒಂದು ಬಂಗಲೆಗೆ ಹೋಗುತ್ತಿದ್ದ, ಅಲ್ಲಿನ ಸಾಹೇಬರು ಮುದ್ರೆ ಒತ್ತುತ್ತಿದ್ದರು, ಬರುವಾಗ ಅಂಜಮ್ಮನಿಗೆ ಮಲ್ಲಿಗೆ ತರುತ್ತಿದ್ದ. ಈ ವರ್ಷ ರಾಯರು ಅವನನ್ನೂ ಸೇತುರಾಮನನ್ನೂ ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು: ಈ ಸಲ ಸುಮ್ಮನೆ ಮುದ್ರೆ ಬೀಳುವುದಿಲ್ಲ, ಬೀದಿಯಲ್ಲಿ ವಿಚಾರಿಸುತ್ತಾರೆ, ಯಾರ ಬಾಯಲ್ಲೂ ಒಂದು ಕೆಟ್ಟ ಮಾತು ಬರಬಾರದು. ಬಂದರೆ ಚಿನ್ನಪ್ಪ ದೇಶ ಬಿಡಬೇಕು, ಅಂಜಮ್ಮನನ್ನು ಕರೆದೊಯ್ಯಲೂ ಆಗುವುದಿಲ್ಲ.

ಚಿನ್ನಪ್ಪ ತಲೆಯಾಡಿಸಿದ. ಬೀದಿಯಲ್ಲಿ ಅವನ ಬಗ್ಗೆ ಕೆಟ್ಟ ಮಾತಾಡುವವರು ಯಾರಿದ್ದಾರೆ? ಅರ್ಧ ಹೊಸಹಳ್ಳಿಯ ತೊಟ್ಟಿಲುಗಳನ್ನು ಮಾಡಿಕೊಟ್ಟವನು ಅವನೇ.

ಗಣೇಶನ ಹಬ್ಬ ಬಂದಾಗ ಲಾಂಗ್ಜು ಎಂಬ ಹೆಸರು ಪತ್ರಿಕೆಯಲ್ಲಿ ಕಾಣಿಸಿಕೊಂಡು ಕೆಲವೇ ದಿನವಾಗಿತ್ತು. ಗಡಿಯ ಠಾಣೆಯೊಂದರಲ್ಲಿ ನಮ್ಮವರ ಮೇಲೆ ಗುಂಡು ಹಾರಿತ್ತು. ಐಟಂ ಬೇಡ ಎಂದಳು ಪಂಕಜಾ. ಬಾಯಿಬಿಟ್ಟೇ ಹೇಳಿದಳು, ಸೌಟನ್ನು ಕುಕ್ಕಲಿಲ್ಲ. ಆದರೆ ಹುಡುಗರು ಮೈಕ್‌ಸೆಟ್ಟು ತರಿಸಿ, ಅದರ ಕಹಳೆಯನ್ನು ಬೇವಿನ ಮರದ ತುದಿಗೆ ಕಟ್ಟಿ, ಸೇತುರಾಮಣ್ಣನ ಫೋನ್ ಈಗ ಎಂದು ಕೂಗಿಬಿಟ್ಟಿದ್ದರು.

ಅವನು ವೇದಿಕೆ ಹತ್ತಿದ. ಹಳೆಯ ಗೋಡೆಯ ಮಾತು ಹೇಳಿದ. ಯಾರೂ ನಗಲಿಲ್ಲ. ಮುದ್ದೆ ಎಸೆದ, ಯಾರೂ ಹಿಡಿಯಲಿಲ್ಲ. ಭಾಯಿ ಭಾಯಿ ಬರೀ ಬಾಯಿಮಾತಾಯಿತು ಎಂದು ಒಂದು ಪನ್ನು ಬಿಸಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಜನ ಮಿಸುಕಾಡದೆ ತನ್ನನ್ನೇ ನೋಡುತ್ತಿರುವುದು ವೇದಿಕೆಯ ಮೇಲಿದ್ದವನಿಗೆ ಹೇಗಿರುತ್ತದೆ ಎಂದು ಕೆಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಆಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಸೇತುರಾಮನ ಕೈಗೆ ಸಿಕ್ಕಿದ್ದು ಪೆಟ್ಟಿಗೆ.

“ನಿಮ್ ಸಿಪಾಯಿ ವೈರ್‌ಲೆಸ್ಸು ಬರಾದು ನಾನ್ ಮಾಡಿದ್ ಪೆಟ್ಗೇಲೇ ಕಣವ್ವ” ಎಂದಿತು ಪೀಕಿಂಗು. “ಒಳಗೇನೈತೆ, ಯಾವ ಬೆಟ್ಟುಕ್ಕೋಯ್ತದೆ, ಎಲ್ಲಾ ನಂಗೊತ್ತು. ಒಂದ್ ಪೆಟ್ಗೆ ಪೀಕಿಂಗ್ಗೂ ಕಳ್ಸಿವ್ನಿ.”

ಪೆಂಡಾಲು ಸಿಡಿಯಿತು. ಚಪ್ಪಾಳೆ, ಸಿಳ್ಳೆ. ಮುಂದಿನ ಸಾಲಿನಲ್ಲಿ ಚಿನ್ನಪ್ಪನೂ ನಕ್ಕ. ಈ ಸಲ ನಗುವುದಕ್ಕೆ ಮುಂಚೆ ಆಚೀಚೆ ನೋಡಿದ, ಅಷ್ಟೇ.

ಎರಡು ವಾರವಾದ ಮೇಲೆ ಮಫ್ತಿಯಲ್ಲಿದ್ದ ಒಬ್ಬ ಮನುಷ್ಯ ಹೊಸಹಳ್ಳಿಗೆ ಬಂದು ಜಗಲಿಯಿಂದ ಜಗಲಿಗೆ ಕೂತೆದ್ದ. ಚಿನ್ನಪ್ಪ ಹೇಗೆ, ಏನು ಮಾತಾಡುತ್ತಾನೆ ಎಂದು ಕೇಳಿದ. ದೊಡ್ಡಹನುಮಯ್ಯನ ಜಗಲಿಯಲ್ಲಿ ಅವನಿಗೆ ಬೇಕಾದ್ದು ಸಿಕ್ಕಿತು. ದೊಡ್ಡಹನುಮಯ್ಯ ಊರಿಗೆ ಹಿರಿಯ, ರಾಗಿ ಹೊಲವನ್ನು ಬಡಾವಣೆಗೆ ಕೊಟ್ಟು ಮನೆಯಲ್ಲಿ ಕೂತವನು, ಸುಳ್ಳು ಹೇಳಿ ಗೊತ್ತಿಲ್ಲದವನು. ಹಬ್ಬದ ದಿನ ಸೊಂಟ ಹಿಡಿದುಕೊಂಡು ಮನೆಯಲ್ಲೇ ಮಲಗಿದ್ದ. ಬೇವಿನ ಮರದ ಕಹಳೆ ಅವನ ಕಿಟಕಿಗೆ ನೇರ. ಚಿನ್ನಪ್ಪ ಮೈಕಿನಲ್ಲಿ ಒಂದು ಪೆಟ್ಟಿಗೆಯನ್ನು ಪೀಕಿಂಗಿಗೆ ಕಳಿಸಿದ್ದೇನೆ ಎಂದದ್ದನ್ನು ತನ್ನ ಎರಡು ಕಿವಿಯಿಂದ ಕೇಳಿದೆ ಎಂದು ಹೇಳಿದ. ಮಫ್ತಿಯವನು ಮುಂದಿನ ಜಗಲಿಗಳಲ್ಲಿ ಅದನ್ನೇ ಕೇಳುತ್ತ ಹೋದ. ಪೆಂಡಾಲಿನಲ್ಲೇ ಕೂತು ಚಪ್ಪಾಳೆ ಹೊಡೆದವರೂ ಯೋಚಿಸಿ, ಹೌದು, ಹಾಗೇನೋ ಒಂದು ಮಾತು ಬಂತು, ಅವನ ದನಿಯೇ, ಎಂದರು. ಸೇತುರಾಮನ ಮುಖ ಅವರಿಗೆ ನೆನಪಾಗಲಿಲ್ಲ. ಕಿವಿಯಲ್ಲಿ ಉಳಿದಿದ್ದ ದನಿ ಮಾತ್ರ ನೆನಪಾಯಿತು.

ಸುದ್ದಿ ಮುಟ್ಟಿದ ಸಂಜೆಯೇ ಸೇತುರಾಮ ದೊಡ್ಡಹನುಮಯ್ಯನ ಮನೆಗೆ ಓಡಿದ. ಅದು ನಾನು ಯಜಮಾನರೇ, ಆ ಮಾತಾಡಿದ್ದು ನಾನು ಎಂದ.

“ನಿನ್ ಗಂಟ್ಲು ನಂಗೊತ್ತಿಲ್ವೇನಯ್ಯ” ಎಂದ ಮುದುಕ. “ಅದು ಚಿನ್ನಪ್ಪಂದು.”

ಸೇತುರಾಮ ಅಲ್ಲೇ ಜಗಲಿಯ ಕೆಳಗೆ ನಿಂತು ಇಡೀ ಐಟಂ ಒಪ್ಪಿಸಿದ. ಮುದುಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಸೊಂಟ ಹಿಡಿದುಕೊಂಡು ಮತ್ತೂ ನಕ್ಕ. ಸಾವರಿಸಿಕೊಂಡ ಮೇಲೆ ಪ್ರೀತಿಯಿಂದಲೇ ಹೇಳಿದ:

“ಬೋ ಚೆಂದಾಗಿ ಮಾಡ್ತೀಯ ಕಣಯ್ಯ. ಆದ್ರೂ ಅವತ್ತಿಂದು ಅವನೇಯ.”

ಮರುದಿನ ಚಿನ್ನಪ್ಪನಿಗೆ ಬಂಗಲೆಯಿಂದ ಕರೆ ಬಂತು. ಅಂಜಮ್ಮ ಕಾರ್ಖಾನೆಯ ಗೇಟಿನ ಬಳಿ ನಿಂತು ಸೇತುರಾಮನನ್ನು ಹೊರಗೆ ಕರೆಸಿದಳು. ಅವಳು ಅವನನ್ನು ಬೈಯಲಿಲ್ಲ. ನೀವು ಓದಿದವರು, ನೀವೇ ಬಂದು ಸಾಹೇಬರ ಮುಂದೆ ಆ ದನಿ ಒಂದು ಸಲ ಮಾಡಿ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದಳು. ಅವನಿಗೂ ಅದೇ ಅನ್ನಿಸಿತ್ತು. ಮನೆಯಲ್ಲಿ ಪಂಕಜಾ, ಆರು ತಿಂಗಳ ಬಸುರಿ, ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತ ಕೇಳಿಸಿಕೊಂಡಳು. ಹೋಗಿ, ಹೋಗದಿದ್ದರೆ ನಿಮಗೆ ನಿದ್ದೆ ಬರಲ್ಲ ಎಂದಳು. ಇನ್ನೊಂದು ಕಾಯಿ ಬಿಡಿಸಿ, ನಿಮ್ಮ ಬಗ್ಗೆ ಅವರು ಏನೂ ಕೇಳಿಲ್ಲ ಅಲ್ವಾ ಎಂದೂ ಕೇಳಿದಳು.

ಬಂಗಲೆಯ ವರಾಂಡದ ಬೆಂಚಿನ ಮೇಲೆ ಚಿನ್ನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ನೆಲದ ಮೇಲೆ ಅಂಜಮ್ಮ. ಸೇತುರಾಮನನ್ನು ಮೊದಲು ಒಳಗೆ ಕರೆದರು.

ಸಾಹೇಬರು ಗಡಸು ಮನುಷ್ಯರೇನಲ್ಲ. ಬಿಳಿ ಷರಟು, ಕನ್ನಡಕ, ಮೇಜಿನ ಮೇಲೆ ಚೊಕ್ಕವಾಗಿ ಸೀಸದ ಕಡ್ಡಿ. ಕೂರಲು ಹೇಳಿ, ದನಿ ಮಾಡಿ ತೋರಿಸಿ ಎಂದರು. ಸೇತುರಾಮ ಗಂಟಲು ಸರಿಮಾಡಿಕೊಂಡ. ಮೊದಲ ಕಣವ್ವಕ್ಕೇ ಸಾಹೇಬರ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಪಕ್ಕದ ಕೋಣೆಯ ಟೈಪಿಸ್ಟು ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದ. ಸಾಹೇಬರು ಕಣ್ಣುಮುಚ್ಚಿ ಇನ್ನೊಮ್ಮೆ ಮಾಡಿಸಿದರು. ವರಾಂಡದಲ್ಲಿರುವವನೇ ಒಳಗೆ ಬಂದಂತಿದೆ ಎಂದು ಬಾಯ್ತುಂಬ ನಕ್ಕರು. ಬೇರೆ ಏನು ಬರುತ್ತದೆ ಎಂದು ಕೇಳಿ ಗಿರಣಿಯ ಸೈರನ್ನು, ಟೋಲ್‌ಗೇಟಿನ ಬಸ್ಸು, ಸಂಧ್ಯಾವಂದನೆ ಎಲ್ಲ ಮಾಡಿಸಿದರು. ಕಾಫಿ ಬಂತು. ಸೇತುರಾಮ ಗೆದ್ದೆ ಎಂದುಕೊಂಡ. ಇಂಥ ಸಭೆ ಅವನಿಗೆ ಎಂದೂ ಸಿಕ್ಕಿರಲಿಲ್ಲ.

“ಇಷ್ಟು ಚೆನ್ನಾಗಿ ಬರಬೇಕಾದರೆ ತುಂಬಾ ಹತ್ತಿರದಿಂದ ಕೇಳಿರಬೇಕು” ಎಂದರು ಸಾಹೇಬರು.

ದಿನಾ ಮಧ್ಯಾಹ್ನ ಒಟ್ಟಿಗೆ ಊಟ ಸಾರ್ ಎಂದ ಸೇತುರಾಮ, ಹೆಮ್ಮೆಯಿಂದ.

“ಮಾತುಗಳೂ ಅವನವೇ?”

“ಇಲ್ಲ ಸಾರ್. ದನಿ ಅವರದು. ಮಾತು ನಂದು.”

ಸಾಹೇಬರು ಕಾಫಿ ಲೋಟವನ್ನು ಕೆಳಗಿಟ್ಟರು. ಟೈಪಿಸ್ಟನ ಕಡೆ ನೋಡಿದರು. ಅವನು ಬಾಗಿಲೆಳೆದುಕೊಂಡು ಹೋದ.

“ಹಾಗಾದರೆ ಸೈನ್ಯದ ವೈರ್‌ಲೆಸ್ ಯಾವ ಪೆಟ್ಟಿಗೆಯಲ್ಲಿ ಬೆಟ್ಟಕ್ಕೆ ಹೋಗುತ್ತೆ ಅಂತ ಇಡೀ ಮಾಗಡಿ ರಸ್ತೆಗೆ ಮೈಕಿನಲ್ಲಿ ಹೇಳಿದ್ದು ನೀವು” ಎಂದರು. ದನಿ ಏರಿರಲಿಲ್ಲ. “ನೀವು ಅಲ್ಲಿ ಸ್ಟೋರ್ಸ್ ಗುಮಾಸ್ತರು. ಒಂದು ಪೆಟ್ಟಿಗೆ ಪೀಕಿಂಗಿಗೆ ಕಳಿಸಿದೀನಿ ಅಂದವರೂ ನೀವೇ. ಹಾಗೇ ಬರೆದುಕೊಳ್ಳಲೇ?”

ತಮಾಷೆಗೆ ಸಾರ್ ಎಂದ ಸೇತುರಾಮ. ಸಾಹೇಬರು ತಲೆಯಾಡಿಸಿದರು. ಲಾಂಗ್ಜುವಿನಲ್ಲಿ ಗುಂಡು ತಿಂದವರ ಮನೆಯವರಿಗೂ ಹಾಗೇ ಹೇಳಬಹುದು ಎಂದರು. ನಿಮ್ಮನ್ನು ಬಲವಂತ ಮಾಡುತ್ತಿಲ್ಲ, ನೀವಾಗಿ ಬಂದಿದ್ದೀರಿ. ಮಾತು ಯಾರದೋ ಒಬ್ಬರದು ಆಗಬೇಕಲ್ಲ, ನೆಲದಿಂದ ಹುಟ್ಟಿ ಬರುವುದಿಲ್ಲವಲ್ಲ ಎಂದರು. ಆಮೇಲೆ ಸೀಸದ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಕಾದರು.

ಬಟಾಣಿ ಬಿಡಿಸುತ್ತ ಕೂತ ಪಂಕಜಾ ಕಣ್ಣಿಗೆ ಬಂದಳು. ಕೈಗೆ ಕೋಳ ಬೀಳುತ್ತದೆಯೋ, ಬರೀ ಕೆಲಸ ಹೋಗುತ್ತದೆಯೋ, ಸೇತುರಾಮನಿಗೆ ಗೊತ್ತಾಗಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಗಂಟಲಿನಲ್ಲಿದ್ದ ಜನರೆಲ್ಲ ಒಂದೇ ಸಲ ಮನೆ ಖಾಲಿ ಮಾಡಿದಂತಾಯಿತು. ಉಳಿದದ್ದು ಅವನದೇ ದನಿ, ಬಳಸದೆ ಇಟ್ಟ ಪಾತ್ರೆಯ ಹಾಗೆ ಕಿಲುಬು ಹಿಡಿದದ್ದು.

“ಅವರದೇ ಸಾರ್” ಎಂದ. “ಊಟದ ಹೊತ್ತಲ್ಲಿ ಹೇಳ್ತಿದ್ರು. ಸುಮ್ನೆ, ತಮಾಷೆಗೆ.”

ಕೊನೆಯ ಮಾತನ್ನು ಸಾಹೇಬರು ಬರೆದುಕೊಳ್ಳಲಿಲ್ಲ. ಕಾಗದವನ್ನು ಅವನ ಕಡೆ ತಿರುಗಿಸಿ, ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದರು.

ಹೊರಗೆ ಬಂದಾಗ ಚಿನ್ನಪ್ಪ ಎದ್ದು ನಿಂತ. ಮುಖದಲ್ಲಿ ಬೆಳಕಿತ್ತು. ಬಾಗಿಲಿನಾಚೆಯಿಂದ ತನ್ನದೇ ದನಿ, ಬಸ್ಸು, ಸೈರನ್ನು, ಸಾಹೇಬರ ನಗು ಎಲ್ಲವೂ ಅವನಿಗೆ ಕೇಳಿಸಿತ್ತು. ನಗುವಾದ ಮೇಲಿನದು ಮೆಲುದನಿಯ ಮಾತು, ಅದು ಕೇಳಿಸಿರಲಿಲ್ಲ.

“ಸಾಯೇಬ್ರು ನಗಾಡಿದ್ರು ಕಣವ್ವ” ಎಂದ. “ಆಯ್ತಾ?”

“ಆಯ್ತು” ಎಂದ ಸೇತುರಾಮ.

ಅಂಜಮ್ಮ ಅವನ ಕಾಲಿಗೆ ಬೀಳಲು ಬಂದಳು. ಅವನು ಹಿಂದೆ ಸರಿದು ಮೆಟ್ಟಿಲಿಳಿದ. ಬೆಳಿಗ್ಗೆ ಅಂಟು ಹಾಕಿದ ಎರಡು ಪೆಟ್ಟಿಗೆಗಳಿವೆ, ಬಿಸಿಲಿಗೆ ಇಡಬೇಡಿ ಅನ್ನು ರಾಯರಿಗೆ, ಮಧ್ಯಾಹ್ನ ಬಂದುಬಿಡುತ್ತೇನೆ ಎಂದು ಚಿನ್ನಪ್ಪ ಹಿಂದಿನಿಂದ ಕೂಗಿ ಹೇಳಿದ. ಅಷ್ಟರಲ್ಲಿ ಅವನನ್ನು ಒಳಗೆ ಕರೆದರು.

ಮಧ್ಯಾಹ್ನ ಅವನು ಬರಲಿಲ್ಲ. ಬಂಗಲೆಯಿಂದ ಮನೆಗೂ ಕಳಿಸಲಿಲ್ಲ. ವಾರದೊಳಗೆ ಇಬ್ಬರು ಕಾನ್‌ಸ್ಟೇಬಲ್ಲುಗಳ ಜೊತೆ ಮದರಾಸಿನ ರೈಲು ಹತ್ತಿಸಿದರು. ಅಲ್ಲಿಂದ ಕಲ್ಕತ್ತೆ, ಅಲ್ಲಿಂದ ಹಡಗು ಎಂದಷ್ಟೇ ತಿಳಿಯಿತು. ಸ್ಟೇಷನ್ನಿಗೆ ಅಂಜಮ್ಮ ಒಬ್ಬಳೇ ಹೋಗಿದ್ದಳು. ಗಂಡ ಕಿಟಕಿಯಿಂದ ಏನೋ ಹೇಳಿದನಂತೆ. ಇಂಜಿನ್ನಿನ ಸದ್ದಿನಲ್ಲಿ ತಿಳಿಯಲಿಲ್ಲವಂತೆ.

ಕಾರ್ಖಾನೆಗೆ ಯಶವಂತಪುರದ ಕಡೆಯಿಂದ ಬೇರೆ ಬಡಗಿ ಬಂದ. ಅಕ್ಟೋಬರಿನ ಕೊನೆಗೆ ಲಡಾಖಿನಲ್ಲಿ ನಮ್ಮ ಪೊಲೀಸರು ಸತ್ತ ಸುದ್ದಿ ಬಂದಾಗ ಹೊಸಹಳ್ಳಿಯ ಜಗಲಿಗಳು ಮಾತಾಡಿಕೊಂಡವು: ಸರ್ಕಾರಕ್ಕೆ ಮೊದಲೇ ಗೊತ್ತಿತ್ತು, ಸದ್ಯ ಅವನನ್ನು ಕಳಿಸಿದರು. ದೊಡ್ಡಹನುಮಯ್ಯ ಮಾತ್ರ ಪಾಪ, ಒಳ್ಳೆ ಕೆಲಸಗಾರ ಎಂದ. ತನ್ನ ಮೊಮ್ಮಗನ ತೊಟ್ಟಿಲನ್ನು ಅಟ್ಟಕ್ಕೆ ಹಾಕಿಸಿದ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅಂಜಮ್ಮ ಸೇತುರಾಮನ ಮನೆಗೆ ಬಂದಳು. ಒಳಗೆ ಕರೆದರೂ ಬರದೆ ಹೊಸ್ತಿಲಲ್ಲೇ ಕೂತಳು. ದೆಹಲಿಗೆ ಒಂದು ಅರ್ಜಿ ಬರೆದುಕೊಡಬೇಕು ಎಂದಳು. ಊರಿನಲ್ಲಿ ಯಾರ ಮನೆಗೂ ಹೋಗಲು ಮುಖವಿಲ್ಲ, ನಮ್ಮ ಪರವಾಗಿ ಬಂಗಲೆಗೆ ಬಂದು ನಿಂತವರು ನೀವೊಬ್ಬರೇ ಎಂದಳು. ಪಂಕಜಾ ಅವಳಿಗೆ ಕಾಫಿ ತಂದುಕೊಟ್ಟು, ತುಂಬಿದ ಹೊಟ್ಟೆಯನ್ನು ಗೋಡೆಗೆ ಆನಿಸಿಕೊಂಡು ಅಲ್ಲೇ ನಿಂತಳು. ಬಂಗಲೆಯಲ್ಲಿ ಏನಾಯಿತು ಎಂದು ಗಂಡ ಅವಳಿಗೂ ಪೂರ್ತಿ ಹೇಳಿರಲಿಲ್ಲ.

ಸೇತುರಾಮ ಬರೆದ. ಅವಳು ಹೇಳಿದ್ದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದ. ಗಂಡ ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಕುಡಿಯುವವನಲ್ಲ. ಚೀನಾದಲ್ಲಿ ಅವನಿಗೆ ಯಾರೂ ಉಳಿದಿಲ್ಲ. ಈ ದೇಶದ ವಿರುದ್ಧ ಅವನ ಬಾಯಿಂದ ಒಂದು ಮಾತನ್ನೂ ಯಾರೂ ಕೇಳಿಲ್ಲ. ಅಲ್ಲಿ ಅವಳು ತಡೆದಳು.

“ಅದ್ರ ಕೆಳಗೆ ನಿಮ್ ಹೆಸ್ರು ಹಾಕಿ ಸ್ವಾಮಿ” ಎಂದಳು. “ದಿನಾ ಜೊತೇಲಿ ಉಂಡೋರು ನೀವು. ನೀವು ಕೇಳಿಲ್ಲ ಅಂದ್ರೆ ನಂಬ್ತಾರೆ.”

ಪೆನ್ನಿನ ಮುಳ್ಳು ಕಾಗದದ ಮೇಲೆ ನಿಂತು ಶಾಯಿ ಒಂದು ಚುಕ್ಕಿಯಾಗಿ ಹರಡಿತು. ಸೈನ್ಯದ ಕೆಲಸ ಮಾಡುವ ಕಾರ್ಖಾನೆಯವನು ಸಹಿ ಹಾಕಿದರೆ ಅರ್ಜಿಗೇ ಕೆಡುಕು ಎಂದು ಸೇತುರಾಮ ನಿಧಾನವಾಗಿ ವಿವರಿಸಿದ. ಇಬ್ಬರೂ ಸೇರಿಕೊಂಡಿದ್ದಾರೆ ಅಂದುಕೊಳ್ಳುತ್ತಾರೆ, ನಿನ್ನೊಬ್ಬಳ ಹೆಬ್ಬೆಟ್ಟು ಇದ್ದರೇ ತೂಕ ಎಂದ. ಹೇಳುವಾಗ ಅವನಿಗೇ ಕೇಳಿಸಿತು, ಅದು ಬಂಗಲೆಯ ಸಾಹೇಬರ ದನಿ. ಏರದೆ, ಇಳಿಯದೆ, ಚೊಕ್ಕವಾಗಿ ಬರುತ್ತಿತ್ತು.

ಅಂಜಮ್ಮ ನಂಬಿದಳು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡು ಒತ್ತಿದಳು. ಕಾಗದ ಆರುವ ತನಕ ಅದರ ಮೇಲೆ ಗಾಳಿ ಊದುತ್ತ ಕೂತು, ನಾಲ್ಕಾಗಿ ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಉತ್ತರ ಬಂದರೆ ಓದಿಸಿಕೊಳ್ಳಲು ನಿಮ್ಮಲ್ಲಿಗೇ ಬರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದಳು.

ಪಂಕಜಾ ಲೋಟ ಎತ್ತಿಕೊಂಡಳು. ಒಳಗೆ ಹೋಗಲಿಲ್ಲ. ಗಂಡನ ಕಡೆ ತಿರುಗಿದಳು.

“ಅವತ್ತು ಬಂಗಲೇಲಿ ನೀವು ಏನು ಹೇಳಿದ್ರಿ?” ಎಂದಳು.